ಸ್ಮಾರ್ಟ್‌ವಾಚ್ ದಿನಾ ಕಟ್ಕೊಂಡ ಮೇಲೆ: ಯಾವ ನಂಬರ್ ನಂಬ್ಬೋದು, ಯಾವುದು ಬರೀ ಅಂದಾಜು

ನಾನು ಕಟ್ಟೋ ವಾಚ್ ಮಧ್ಯಮ ದರ್ಜೇದು, ತೀರಾ ದುಬಾರಿನೂ ಅಲ್ಲ ತೀರಾ ಅಗ್ಗದ್ದೂ ಅಲ್ಲ. ಕಂಪನಿ ಹೆಸರು ಬರೀತಿಲ್ಲ, ಯಾಕಂದ್ರೆ ನಾನು ಹೇಳೋ ಒಳ್ಳೇದು ಕೆಟ್ಟದ್ದು ಎರಡೂ ಈ ದರ್ಜೆಯ ಹೆಚ್ಚುಕಮ್ಮಿ ಎಲ್ಲಾ ವಾಚಿಗೂ ಹೊಂದತ್ತೆ, ಒಳಗಿರೋ ಸೆನ್ಸರ್‌ಗಳು ಬಹುತೇಕ ಒಂದೇ ಜಾತಿಯವು. ವಿಡಿಯೋ ರಿವ್ಯೂಗಳಲ್ಲಿ ಡಬ್ಬ ಬಿಚ್ಚೋದು, ಸ್ಕ್ರೀನ್ ಎಷ್ಟು ಬ್ರೈಟು, ವಾಚ್ ಫೇಸ್ ಎಷ್ಟಿವೆ, ಇದೇ ಜಾಸ್ತಿ. ತಗೊಳ್ಳೋರಿಗೆ ಬೇಕಾಗಿರೋದು ಬೇರೆ ಅಲ್ವಾ, ದಿನಾ ಕಟ್ಕೊಂಡ್ರೆ ಇದರಿಂದ ಏನ್ ಉಪಯೋಗ, ಅದು ತೋರಿಸೋ ನಂಬರಲ್ಲಿ ಯಾವುದನ್ನ ನಂಬ್ಬೋದು ಯಾವುದನ್ನ ಬಿಡಬೇಕು.

ಒಂದು ವಿಷಯ ತಲೇಲಿ ಇಟ್ಕೊಂಡ್ರೆ ಅರ್ಧ ಗೊಂದಲ ಅಲ್ಲೇ ಮುಗಿಯತ್ತೆ. ವಾಚ್ ನಿಜವಾಗ್ಲೂ ಅಳೆಯೋದು ಕೆಲವೇ ಕೆಲವನ್ನ. ಕೈ ಹೇಗೆ ಅಲುಗಾಡ್ತಿದೆ ಅನ್ನೋದು ಆಕ್ಸೆಲೆರೋಮೀಟರ್‌ಗೆ ಗೊತ್ತಾಗತ್ತೆ, ಚರ್ಮದೊಳಕ್ಕೆ ಬಿಟ್ಟ ಬೆಳಕಲ್ಲಿ ಎಷ್ಟು ವಾಪಸ್ ಬಂತು ಅನ್ನೋದು ಹಿಂಬದಿಯ ಸೆನ್ಸರ್‌ಗೆ ಗೊತ್ತಾಗತ್ತೆ, ಜಿಪಿಎಸ್ ಇದ್ರೆ ನೀವು ಎಲ್ಲಿದೀರಿ ಅಂತ, ಕೆಲವದ್ರಲ್ಲಿ ಚರ್ಮದ ಬಿಸಿ ಎಷ್ಟು, ಹೃದಯದ ವಿದ್ಯುತ್ ಹೇಗಿದೆ ಅಂತ. ಇಷ್ಟೇ. ಸ್ಟ್ರೆಸ್, ಕ್ಯಾಲೊರಿ, ನಿದ್ದೆ ಸ್ಕೋರು, ಇವತ್ತು ದೇಹದಲ್ಲಿ ಎನರ್ಜಿ ಎಷ್ಟಿದೆ, ಇವೆಲ್ಲಾ ಆ ಮೂರು ನಾಲ್ಕು ಅಳತೆ ಇಟ್ಕೊಂಡು ಸಾಫ್ಟ್‌ವೇರ್ ಮಾಡೋ ಊಹೆ. ಸೆನ್ಸರಿಂದ ದೂರ ಹೋದಷ್ಟೂ ನಂಬಿಕೆ ಕಮ್ಮಿ ಮಾಡ್ಕೊಂಡು ಹೋಗ್ಬೇಕು, ನಾನು ಪ್ರತಿ ಫೀಚರನ್ನೂ ಹಂಗೇ ತೂಗಿ ನೋಡೋದು.

ಮೊದಲು ಹಾರ್ಟ್ ರೇಟು. ವಾಚ್ ಬಿಚ್ಚಿ ಹಿಂದೆ ನೋಡಿದ್ರೆ ಹಸಿರು ಲೈಟ್ ಮಿಣಮಿಣ ಅಂತಿರತ್ತಲ್ಲ, ಅದೇ ಇದರ ಮೂಲ. ರಕ್ತ ಹಸಿರು ಬೆಳಕನ್ನ ಚೆನ್ನಾಗಿ ಹೀರ್ಕೊಳತ್ತೆ, ಪ್ರತಿ ಬಡಿತಕ್ಕೂ ಮಣಿಕಟ್ಟಲ್ಲಿ ಒಂಚೂರು ರಕ್ತ ಜಾಸ್ತಿ ಬರತ್ತೆ, ಆಗ ವಾಪಸ್ ಬರೋ ಬೆಳಕು ಒಂಚೂರು ಕಮ್ಮಿ ಆಗತ್ತೆ, ಆ ಏರಿಳಿತ ಎಣಿಸಿದ್ರೆ ನಾಡಿ ಸಿಕ್ತು. ಸುಮ್ನೆ ಕೂತಾಗ, ಮಲಗಿದಾಗ ಇದು ಬಹಳ ಚೆನ್ನಾಗಿ ಕೆಲಸ ಮಾಡತ್ತೆ. ಬೆರಳಿಟ್ಟು ಎಣಿಸಿ ನೋಡಿದಾಗೆಲ್ಲ ನನಗೆ ಒಂದೆರಡರ ವ್ಯತ್ಯಾಸ ಬಿಟ್ರೆ ಸರಿಯಾಗೇ ಬಂದಿದೆ. ಕಷ್ಟ ಶುರುವಾಗೋದು ಕೈ ಜೋರಾಗಿ ಆಡಿದಾಗ. ಓಡೋವಾಗ ವಾಚ್ ಸಡಿಲ ಇದ್ರೆ ಹೊರಗಿನ ಬೆಳಕು ಒಳಗೆ ನುಗ್ಗತ್ತೆ, ಕೆಲವು ಸಲ ವಾಚು ನಿಮ್ಮ ಹೆಜ್ಜೆಯ ತಾಳವನ್ನೇ ನಾಡಿ ಅನ್ಕೊಂಡು ಅದನ್ನೇ ಎಣಿಸ್ತಾ ಕೂರತ್ತೆ. ತೂಕ ಎತ್ತೋವಾಗ ಮುಷ್ಟಿ ಬಿಗಿ ಹಿಡಿದ್ರೂ ತಪ್ಪತ್ತೆ. ಚಳಿಗೆ ಕೈ ತಣ್ಣಗಾದ್ರೆ ಚರ್ಮಕ್ಕೆ ರಕ್ತ ಬರೋದೇ ಕಮ್ಮಿ, ಆಗ್ಲೂ ಒದ್ದಾಡತ್ತೆ, ಮಣಿಕಟ್ಟಿನ ಮೇಲೆ ದಟ್ಟ ಟ್ಯಾಟೂ ಇದ್ರಂತೂ ಕೆಲವರಿಗೆ ರೀಡಿಂಗೇ ಬರಲ್ಲ. ಓಟ, ಸೈಕಲ್ಲು ಸೀರಿಯಸ್ಸಾಗಿ ಮಾಡೋರು ಎದೆಗೆ ಕಟ್ಟೋ ಪಟ್ಟಿ ತಗೊಳ್ಳಿ, ಅದು ಬೆಳಕಲ್ಲ, ಹೃದಯದ ವಿದ್ಯುತ್ತನ್ನೇ ಹಿಡಿಯತ್ತೆ. ವೈರ್ ಇಲ್ಲದ ಈ ಪಟ್ಟಿಗಳನ್ನ ಫಿನ್‌ಲ್ಯಾಂಡಿನ ಪೋಲಾರ್ ಕಂಪನಿ 1980ರ ದಶಕದ ಶುರುವಲ್ಲೇ ಮಾರ್ತಿತ್ತು, ಅಷ್ಟು ಹಳೇ ವಿದ್ಯೆ ಆದ್ರೂ ಇವತ್ತಿಗೂ ಮಣಿಕಟ್ಟಿನ ಸೆನ್ಸರ್‌ಗಳನ್ನ ಪರೀಕ್ಷೆ ಮಾಡೋವಾಗ ಹೋಲಿಸಿ ನೋಡೋದು ಇಂಥ ವಿದ್ಯುತ್ ಅಳತೆಗಳ ಜೊತೆಗೇ.

ಇನ್ನು ಕ್ಯಾಲೊರಿ. ಇದನ್ನ ನಾನು ಆಪ್‌ನಿಂದ ತೆಗೆದೇಬಿಟ್ಟಿದೀನಿ. 2017ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 7 ಬ್ಯಾಂಡು-ವಾಚುಗಳನ್ನ ಲ್ಯಾಬಲ್ಲಿ ಪರೀಕ್ಷೆ ಮಾಡಿದ್ರು. ಹಾರ್ಟ್ ರೇಟಲ್ಲಿ ಏಳಕ್ಕೆ ಆರು ಶೇ. 5ರೊಳಗಿನ ತಪ್ಪಲ್ಲಿ ಪಾಸಾದ್ವು, ಆದ್ರೆ ಕ್ಯಾಲೊರಿ ಲೆಕ್ಕದಲ್ಲಿ ಎಲ್ಲಕ್ಕಿಂತ ಒಳ್ಳೇದೂ ಸರಾಸರಿ ಶೇ. 27ರಷ್ಟು ತಪ್ಪು, ಎಲ್ಲಕ್ಕಿಂತ ಕೆಟ್ಟದ್ದು ಶೇ. 93. ಒಂದೇ ಕೈ, ಒಂದೇ ವಾಚು, ಒಂದು ನಂಬರ್ ಸರಿ ಇನ್ನೊಂದು ತಪ್ಪು, ಯಾಕಂದ್ರೆ ಒಂದು ಅಳೆದಿದ್ದು ಇನ್ನೊಂದು ಊಹಿಸಿದ್ದು. ಅದಾದ್ಮೇಲೆ ವಾಚುಗಳು ಸುಧಾರಿಸಿರ್ಬೋದು, ಆದ್ರೆ ನಿಮ್ಮ ಸ್ನಾಯು ಎಷ್ಟು ಉರೀತು ಅಂತ ಮಣಿಕಟ್ಟಿಂದ ನೋಡೋಕಾಗಲ್ಲ ಅನ್ನೋ ಮೂಲ ತೊಂದರೆ ಹಂಗೇ ಇದೆ. ವಾಚ್ 400 ಕ್ಯಾಲೊರಿ ಖರ್ಚಾಯ್ತು ಅಂದಿದ್ದನ್ನ ನಂಬಿ 400 ಕ್ಯಾಲೊರಿ ಜಾಸ್ತಿ ತಿನ್ನೋರನ್ನ ನೋಡಿದೀನಿ, ದಯವಿಟ್ಟು ಮಾಡ್ಬೇಡಿ, ತೂಕ ಇಳಿಸೋಕೆ ಅಂತ ತಗೊಂಡ ವಾಚಿಂದ ತೂಕ ಏರೋದು ಹಿಂಗೇ.

ಹೆಜ್ಜೆ ಎಣಿಕೆ ನಡುವಿನ ಜಾತಿ. ಕೈ ಬೀಸ್ಕೊಂಡು ನಡೆದ್ರೆ ಸರಿಯಾಗೇ ಎಣಿಸತ್ತೆ. ಬಟ್ಟೆ ಒಗೆದ್ರೆ, ಚಪ್ಪಾಳೆ ತಟ್ಟಿದ್ರೆ, ಕೆಲವು ಸಲ ಹಲ್ಲುಜ್ಜಿದ್ರೂ ಸೇರಿಸ್ಬಿಡತ್ತೆ, ಅದೇ ಮಗು ಕೂರ್ಸೋ ಗಾಡಿ ತಳ್ಕೊಂಡು ಹೋದ್ರೆ, ವಾಕರ್ ಹಿಡ್ಕೊಂಡು ನಡೆದ್ರೆ ಕೈ ಅಲ್ಲಾಡಲ್ವಲ್ಲ, ಬಹಳಷ್ಟು ಹೆಜ್ಜೆ ಬಿಟ್ಟೇಬಿಡತ್ತೆ. ವಯಸ್ಸಾದವರ ನಂಬರ್ ನೋಡಿ ನಡೀತಾನೇ ಇಲ್ಲ ಅಂತ ಬೈಯೋ ಮುಂಚೆ ಇದನ್ನ ಯೋಚ್ನೆ ಮಾಡಿ. ದಿನಕ್ಕೆ 10,000 ಹೆಜ್ಜೆ ಅನ್ನೋ ಗುರಿ ಇದ್ಯಲ್ಲ, ಅದು ಡಾಕ್ಟ್ರು ಕೂತು ಲೆಕ್ಕ ಹಾಕಿದ್ದಲ್ಲ, 1965ರ ಸುಮಾರಿಗೆ ಜಪಾನಲ್ಲಿ ಸೊಂಟಕ್ಕೆ ಸಿಗಿಸೋ ಒಂದು ಹೆಜ್ಜೆ ಎಣಿಸೋ ಯಂತ್ರವನ್ನ ಮಾರೋಕೆ ಬಂದ ನಂಬರು. 2019ರಲ್ಲಿ ಸರಾಸರಿ 72 ವರ್ಷದ 16,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ಹಾಕೋರಲ್ಲೇ ಸಾವಿನ ಪ್ರಮಾಣ 2,700 ಹಾಕೋರಿಗಿಂತ ಸಾಕಷ್ಟು ಕಮ್ಮಿ ಕಂಡಿತ್ತು, 7,500ರ ಹತ್ತಿರ ಬಂದಮೇಲೆ ಲಾಭ ಹಂಗೇ ನಿಲ್ತಿತ್ತು. ನಾನು ಅಮ್ಮನ ವಾಚಲ್ಲಿ ಗುರಿ ಇಳಿಸಿ ಇಟ್ಟಿದೀನಿ, ಸಾಯಂಕಾಲದೊಳಗೆ ಗುರಿ ಮುಟ್ಟಿ ವಾಚ್ ಗುರ್ ಅಂದಾಗ ಅವರ ಖುಷಿ ನೋಡ್ಬೇಕು, ತಲುಪೋಕೇ ಆಗದ ನಂಬರ್ ಇಟ್ಟು ದಿನಾ ಸೋಲ್ಸೋದ್ರಲ್ಲಿ ಏನಿದೆ.

ನಿದ್ದೆ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು ಯಾಕಂದ್ರೆ ಜನ ಜಾಸ್ತಿ ತಲೆ ಕೆಡಿಸ್ಕೊಳ್ಳೋದು ಇದಕ್ಕೇ. ನಿದ್ದೆಯ ಹಂತಗಳನ್ನ ಲ್ಯಾಬಲ್ಲಿ ನೋಡೋದು ತಲೆಗೆ ವೈರ್ ಅಂಟಿಸಿ ಮೆದುಳಿನ ಅಲೆ, ಕಣ್ಣಿನ ಓಡಾಟ, ಗಲ್ಲದ ಸ್ನಾಯು ಎಲ್ಲಾ ಒಟ್ಟಿಗೆ ರೆಕಾರ್ಡ್ ಮಾಡಿ. ವಾಚಿಗೆ ಇದ್ಯಾವುದೂ ಕಾಣಲ್ಲ, ಕೈ ಅಲ್ಲಾಡ್ತಿಲ್ಲ, ನಾಡಿ ಇಳಿದಿದೆ, ಸರಿ ಇದು ಗಾಢ ನಿದ್ದೆ ಇರ್ಬೋದು ಅಂತ ಅಂದಾಜು ಮಾಡತ್ತೆ. ಎಷ್ಟು ಹೊತ್ತಿಗೆ ಮಲಗಿದ್ರಿ ಎಷ್ಟು ಹೊತ್ತಿಗೆ ಎದ್ರಿ ಅನ್ನೋದು ಚೆನ್ನಾಗೇ ಬರತ್ತೆ, ಗಾಢ ನಿದ್ದೆ 52 ನಿಮಿಷ ಅನ್ನೋ ಥರದ ಖಚಿತ ನಂಬರನ್ನ ಮಾತ್ರ ಮನಸ್ಸಿಗೆ ಹಚ್ಕೋಬೇಡಿ. ನಿದ್ದೆ ಬರದೆ ಹಾಸಿಗೇಲಿ ಅಲ್ಲಾಡದೆ ಮಲಗಿದ್ರೂ ನಿದ್ದೆ ಅಂತಾನೇ ಬರ್ಕೊಳತ್ತೆ. ಬೆಳಿಗ್ಗೆ ಚೆನ್ನಾಗೇ ಎದ್ದಿರ್ತಾರೆ, ಸ್ಕೋರ್ ಕಮ್ಮಿ ಬಂತು ಅಂತ ಇಡೀ ದಿನ ಸುಸ್ತು ಅನ್ನೋರು ನನ್ನ ಜೊತೆ ಕೆಲಸ ಮಾಡೋರಲ್ಲೇ ಇದಾರೆ. ಇಂಥ ಚಿಂತೆಯಿಂದಲೇ ನಿದ್ದೆ ಕೆಡಿಸ್ಕೊಂಡು ಬರೋ ರೋಗಿಗಳ ಬಗ್ಗೆ 2017ರಲ್ಲೇ ನಿದ್ರಾ ತಜ್ಞರು ಬರೆದಿದ್ದಾರೆ. ನಿದ್ದೆ ಲೆಕ್ಕದಲ್ಲಿ ನಿಜವಾಗಿ ಕೆಲಸಕ್ಕೆ ಬರೋದು ವಾರಗಟ್ಟಲೆ ಸಾಲು ನೋಡಿದಾಗ. ನನ್ನ ಗ್ರಾಫಲ್ಲಿ ಪರೀಕ್ಷೆ ಪೇಪರ್ ತಿದ್ದೋ ಸಮಯದಲ್ಲಿ ಮಲಗೋ ಹೊತ್ತು ಮೆಲ್ಲಗೆ ತಡ ಆಗ್ತಾ ಹೋಗೋದು, ಜೊತೆಗೆ ವಿಶ್ರಾಂತಿಯ ನಾಡಿ ಒಂಚೂರು ಮೇಲೇರೋದು ಕಣ್ಣಿಗೆ ಕಟ್ಟೋ ಹಾಗೆ ಕಂಡಿತು. ಜ್ವರ ಬರೋ ಮುಂಚೆ ಕೂಡ ಆ ವಿಶ್ರಾಂತಿ ನಾಡಿ ಏರೋದು ಎಷ್ಟೋ ಜನಕ್ಕೆ ಅನುಭವ ಇದೆ. ಒಂದು ದಿನದ ನಂಬರಿಗೆ ಬೆಲೆ ಇಲ್ಲ, ದಿಕ್ಕಿಗೆ ಬೆಲೆ.

ಆರೋಗ್ಯದ ಮಿಕ್ಕ ಫೀಚರ್‌ಗಳಲ್ಲಿ ಒಳ್ಳೇದು ಕೆಟ್ಟದ್ದು ಕಲಸಿಹೋಗಿದೆ. ಇಸಿಜಿ ಇರೋ ವಾಚು ನಿಜಕ್ಕೂ ಕೆಲಸದ ವಸ್ತು, 2018ರಲ್ಲಿ ಆಪಲ್ ವಾಚ್ ಸೀರೀಸ್ 4ರಲ್ಲಿ ಬಂತು, ಇನ್ನೊಂದು ಕೈಯ ಬೆರಳು ಇಟ್ರೆ ಎರಡು ಕೈ ನಡುವೆ ಸರ್ಕ್ಯೂಟ್ ಪೂರ್ತಿ ಆಗಿ ಹೃದಯದ ವಿದ್ಯುತ್ ಅಳೆಯತ್ತೆ, ಅಂದ್ರೆ ಇದು ಅಳತೆ, ಊಹೆ ಅಲ್ಲ. ಆದ್ರೆ ಒಂದೇ ಲೀಡು, ಅಂದ್ರೆ ಹೃದಯವನ್ನ ಒಂದೇ ಕೋನದಿಂದ ನೋಡತ್ತೆ, ಏಟ್ರಿಯಲ್ ಫಿಬ್ರಿಲೇಶನ್ ಅನ್ನೋ ತಾಳ ತಪ್ಪಿದ ಬಡಿತವನ್ನ ಗುರುತಿಸೋಕೆ ಅದು, ಹಾರ್ಟ್ ಅಟ್ಯಾಕ್ ಪತ್ತೆ ಮಾಡೋಕಲ್ಲ. ಎದೆ ನೋವು ಬಂದಾಗ ವಾಚ್ ನಾರ್ಮಲ್ ಅಂತಿದೆ ಅಂತ ಮನೇಲಿ ಕೂರೋದು ಪ್ರಾಣಕ್ಕೆ ಅಪಾಯ, ಇದನ್ನ ಮನೆಯವರಿಗೆಲ್ಲ ಹೇಳಿಡಿ. ಬೆಳಕಿನಿಂದಲೇ ತಾಳ ತಪ್ಪಿದ್ದನ್ನ ಹಿಡಿಯೋ ಬಗ್ಗೆ 4,19,000 ಜನ ಸೇರಿದ್ದ ಆಪಲ್ ಹಾರ್ಟ್ ಸ್ಟಡಿ 2019ರಲ್ಲಿ ಪ್ರಕಟ ಆಯ್ತು, ಅದರಲ್ಲಿ ಎಚ್ಚರಿಕೆ ಬಂದಿದ್ದು ಶೇ. 0.52 ಜನಕ್ಕೆ, ಆಮೇಲೆ ಎದೆಗೆ ಇಸಿಜಿ ಪ್ಯಾಚ್ ಅಂಟಿಸ್ಕೊಂಡು ವಾಪಸ್ ಕೊಟ್ಟೋರಲ್ಲಿ ಶೇ. 34 ಜನಕ್ಕೆ ಏಟ್ರಿಯಲ್ ಫಿಬ್ರಿಲೇಶನ್ ಕಾಣಿಸ್ತು. ಅದು ಬಂದು ಹೋಗೋ ಥರದ್ದು, ಪ್ಯಾಚ್ ಹಾಕಿದ ದಿನ ಇಲ್ಲದೇನೂ ಇರ್ಬೋದು. ಹಾಗಾಗಿ ಎಚ್ಚರಿಕೆ ಬಂದ್ರೆ ಗಾಬರಿ ಬೇಡ, ಡಾಕ್ಟ್ರ ಹತ್ರ ಹೋಗೋದನ್ನ ತಪ್ಪಿಸ್ಲೂ ಬೇಡ.

ರಕ್ತದ ಆಕ್ಸಿಜನ್ ನೋಡೋದಕ್ಕೆ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸ್ತಾರೆ, ಮಣಿಕಟ್ಟಲ್ಲಿ ಇದು ಬೆರಳಿನಷ್ಟು ಗಟ್ಟಿ ಬರಲ್ಲ. ಅಷ್ಟೇ ಅಲ್ಲ, ಆಸ್ಪತ್ರೆಯಲ್ಲಿ ಬೆರಳಿಗೆ ಹಾಕೋ ಕ್ಲಿಪ್ಪೇ ಕಪ್ಪು ಚರ್ಮದವರಲ್ಲಿ ಆಕ್ಸಿಜನ್ ಇಳಿದಿದ್ದನ್ನ ಬಿಳಿಯರಿಗಿಂತ ಸುಮಾರು 3 ಪಟ್ಟು ಹೆಚ್ಚು ಸಲ ಗುರುತಿಸದೇ ಹೋಗತ್ತೆ ಅಂತ 2020ರಲ್ಲಿ ಅಮೆರಿಕದ ಅಧ್ಯಯನ ತೋರಿಸ್ತು. ಬೆಳಕಿಂದ ಅಳೆಯೋ ಯಾವ ಯಂತ್ರಕ್ಕಾದ್ರೂ ಚರ್ಮದ ಬಣ್ಣ ಒಂದು ಪ್ರಶ್ನೆನೇ, ಕಂಪನಿಗಳು ಎಲ್ಲಾ ಬಣ್ಣದ ಚರ್ಮದ ಮೇಲೆ ಪರೀಕ್ಷೆ ಮಾಡಿ ಆ ಫಲಿತಾಂಶ ಡಬ್ಬದ ಮೇಲೇ ಹಾಕ್ಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ಬಿಪಿ ತೋರಿಸೋ ವಾಚುಗಳಲ್ಲಿ ಸರಿಯಾದ ಕಂಪನಿಯವರು ತೋಳಿಗೆ ಕಟ್ಟೋ ಬಿಪಿ ಮಿಷನ್ ಜೊತೆ ಆಗಾಗ ಹೊಂದಿಸ್ಕೋಬೇಕು ಅಂತ ಹೇಳ್ತಾರೆ, ಏನೂ ಕೇಳದೆ ಹಾಕಿದ ತಕ್ಷಣ 120/80 ತೋರಿಸೋದನ್ನ ದೂರ ಇಡಿ. ಚುಚ್ಚದೇ ಶುಗರ್ ತೋರಿಸ್ತೀವಿ ಅನ್ನೋ ವಾಚು, ಬೆರಳಿಗೆ ಹಾಕೋ ರಿಂಗುಗಳನ್ನಂತೂ ಮುಟ್ಲೇಬೇಡಿ. ಅಂಥ ಯಾವುದಕ್ಕೂ ಒಪ್ಪಿಗೆ ಕೊಟ್ಟಿಲ್ಲ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಬಾಯಿಬಿಟ್ಟು ಎಚ್ಚರಿಸಿದೆ. ಶುಗರ್ ಇರೋರು ತೋಳಿಗೆ ಅಂಟಿಸ್ಕೊಳ್ಳೋ ಸೆನ್ಸರ್ ಬೇರೆ, ಅದರ ಕೂದಲಿನಷ್ಟು ಸಣ್ಣ ಎಳೆ ಚರ್ಮದೊಳಗೇ ಹೋಗಿರತ್ತೆ, ಅಲ್ಲಿನ ದ್ರವದಲ್ಲಿ ಗ್ಲೂಕೋಸ್ ಅಳೆಯತ್ತೆ, ರಕ್ತಕ್ಕಿಂತ ಕೆಲವು ನಿಮಿಷ ಹಿಂದೆ ಇರತ್ತೆ ಆದ್ರೂ ಅದು ನಿಜವಾದ ಅಳತೆ. ವಾಚಿನ ಸುಳ್ಳು ನಂಬರ್ ನಂಬಿ ಇನ್ಸುಲಿನ್ ತಗೊಂಡ್ರೆ ಏನಾಗತ್ತೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಇಷ್ಟೆಲ್ಲಾ ಓದಿ ಹಾಗಾದ್ರೆ ಯಾಕೆ ತಗೋಬೇಕು ಅಂತ ಕೇಳ್ತೀರಿ. ನನ್ನ ಉತ್ತರ, ವೈಬ್ರೇಶನ್‌ಗೋಸ್ಕರ. ಯಾವ ಜಾಹೀರಾತಲ್ಲೂ ಇದನ್ನ ದೊಡ್ಡದಾಗಿ ಬರೆಯಲ್ಲ, ಆದ್ರೆ ದಿನನಿತ್ಯದ ಬದುಕಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬರೋದು ಇದೇ. ನಾನು ಪಾಠ ಮಾಡೋಳು, ಕ್ಲಾಸಲ್ಲಿ ಫೋನ್ ಬ್ಯಾಗೊಳಗೇ ಇರತ್ತೆ, ಸೈಲೆಂಟಲ್ಲೇ ಇರತ್ತೆ, ಮನೆಯಿಂದ ಕಾಲ್ ಬಂದ್ರೆ ಮಾತ್ರ ಮಣಿಕಟ್ಟಲ್ಲಿ ಗೊತ್ತಾಗತ್ತೆ. ಬೆಳಗಿನ ಅಲಾರಂ ಕೂಡ ಕೈಗೇ, ಪಕ್ಕದಲ್ಲಿ ಮಲಗಿದವರಿಗೆ ಎಚ್ಚರ ಆಗಲ್ಲ. ಅಮ್ಮನಿಗೆ ಕಿವಿ ಮಂದ ಆಗಿ ಫೋನ್ ರಿಂಗ್ ಕೇಳಿಸ್ತಾನೇ ಇರ್ಲಿಲ್ಲ, ಅಡುಗೆಮನೇಲಿ ಫೋನ್ ಎಷ್ಟು ಹೊಡ್ಕೊಂಡ್ರೂ ಗೊತ್ತಾಗ್ತಿರ್ಲಿಲ್ಲ, ನಾವು ಇಲ್ಲಿ ಗಾಬರಿ ಆಗೋದು, ಅಕ್ಕಪಕ್ಕದವರಿಗೆ ಫೋನ್ ಮಾಡಿ ನೋಡ್ಕೊಂಡು ಬನ್ನಿ ಅನ್ನೋದು. ನನ್ನ ಹಳೇ ಬ್ಯಾಂಡನ್ನ ಅವರಿಗೆ ಕಟ್ಟಿ ಕಾಲ್ ಮತ್ತೆ ಮಾತ್ರೆ ಟೈಮು ಎರಡನ್ನೇ ಆನ್ ಮಾಡಿಟ್ಟೆ, ಮಿಕ್ಕಿದ್ದೆಲ್ಲ ಆಫ್. ಈಗ ಎರಡನೇ ರಿಂಗಿಗೇ ಎತ್ತುತ್ತಾರೆ, ‘ಕೈ ಜುಂ ಅಂತು ಕಣೇ, ಹೇಳು’ ಅಂತಾರೆ. ಬರೀ ಅಷ್ಟಕ್ಕೇ ಆ ಬ್ಯಾಂಡ್ ತಗೊಂಡಿದ್ದು ಸಾರ್ಥಕ.

ಮೈಮೇಲೆ ಹೊರೋ ಕಂಪ್ಯೂಟರಿನ ಶುರುವೂ ಹೆಚ್ಚುಕಮ್ಮಿ ಹಿಂಗೇ, ಯಾರಿಗೂ ಕಾಣದ ಹಾಗೆ ಮೈಗೆ ಸುದ್ದಿ ಮುಟ್ಟಿಸೋದು. 1961ರಲ್ಲಿ ಗಣಿತಜ್ಞ ಎಡ್ವರ್ಡ್ ಥೋರ್ಪ್ ಮತ್ತು ಕ್ಲಾಡ್ ಶ್ಯಾನನ್ ಸೇರಿ ಸಿಗರೇಟ್ ಪ್ಯಾಕ್ ಗಾತ್ರದ ಒಂದು ಯಂತ್ರ ಮಾಡಿದ್ರು, ಜೂಜಿನ ರೂಲೆಟ್ ಚಕ್ರದಲ್ಲಿ ಚೆಂಡು ಎಲ್ಲಿ ಬೀಳ್ಬೋದು ಅಂತ ಲೆಕ್ಕ ಹಾಕೋಕೆ. ಶೂ ಒಳಗಿನ ಸ್ವಿಚ್ಚನ್ನ ಕಾಲ್ಬೆರಳಲ್ಲಿ ಒತ್ತೋದು, ಉತ್ತರ ಕಿವಿಗೆ ಸ್ವರವಾಗಿ ಬರೋದು. ಕಿವಿಗೆ ಹೋಗೋ ಸಣ್ಣ ತಂತಿ ಪದೇ ಪದೇ ಕಿತ್ತೋಗ್ತಿತ್ತಂತೆ. ಇವತ್ತು ಆ ತಂತಿ ಜಾಗಕ್ಕೆ ಬ್ಲೂಟೂತ್ ಬಂದಿದೆ, ಕಮ್ಮಿ ಬ್ಯಾಟರಿ ತಿನ್ನೋ ಬ್ಲೂಟೂತ್ 2010ರಲ್ಲಿ ಬಂದ ಮೇಲೇನೇ ಇಷ್ಟು ಚಿಕ್ಕ ಬ್ಯಾಟರಿ ವಾಚು ದಿನಗಟ್ಟಲೆ ಫೋನಿಗೆ ಅಂಟ್ಕೊಂಡು ಇರೋಕೆ ಆಗಿದ್ದು.

ಆದ್ರೆ ನೋಟಿಫಿಕೇಶನ್ ಎಲ್ಲಾ ಆನ್ ಇಟ್ರೆ ಈ ಸುಖ ಪೂರ್ತಿ ಹಾಳು. ಹೊಸ ವಾಚ್ ಬಂದ ದಿನವೇ ಗ್ರೂಪ್ ಮೆಸೇಜು, ಶಾಪಿಂಗ್ ಆಪು, ನ್ಯೂಸು ಎಲ್ಲಾ ಆಫ್ ಮಾಡಿ. ಫೋನ್ ಕಾಲ್, ಅಲಾರಂ, ಮನೆಯವರ ಮೆಸೇಜು, ಸಾಕು. ಮಾತಾಡ್ತಾ ಮಾತಾಡ್ತಾ ಪದೇ ಪದೇ ಮಣಿಕಟ್ಟು ನೋಡೋರ ಎದುರಿಗೆ ಕೂತಿದ್ರೆ ಎಷ್ಟು ಬೇಜಾರಾಗತ್ತೆ ಅಂತ ಗೊತ್ತಲ್ಲ.

ಬಿದ್ದಾಗ ತಾನೇ ಕರೆ ಮಾಡೋ ಫೀಚರ್ ಒಂಟಿಯಾಗಿರೋ ಹಿರಿಯರಿಗೆ ತುಂಬಾ ಒಳ್ಳೇದು. ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲ್ಲಾಡದೇ ಇದ್ರೆ ಎಮರ್ಜೆನ್ಸಿಗೆ, ಮನೆಯವರಿಗೆ ಸುದ್ದಿ ಹೋಗತ್ತೆ. ಗೋಡೆ ಹಿಡ್ಕೊಂಡು ಮೆಲ್ಲಗೆ ಕುಸಿದ್ರೆ ಹಿಡಿಯದೇ ಇರ್ಬೋದು. ಸಿಮ್ ಇಲ್ಲದ ವಾಚಾದ್ರೆ ಫೋನ್ ಹತ್ತಿರದಲ್ಲೇ ಇರ್ಬೇಕು, ಫೋನ್ ರೂಮಲ್ಲಿಟ್ಟು ಮನೆಯಿಂದ ದೂರ ಹೋಗಿ ಬಿದ್ರೆ ಏನೂ ಆಗಲ್ಲ. ಇನ್ನೊಂದು, ಹಿರಿಯರು ಸ್ನಾನಕ್ಕೆ ಹೋಗೋವಾಗ ವಾಚ್ ಬಿಚ್ಚಿಡ್ತಾರೆ, ಜಾರಿ ಬೀಳೋ ಭಯ ಇರೋದು ಅಲ್ಲೇ.

ಹಾಗಂತ ಬಿಸಿನೀರಲ್ಲಿ ಹಾಕ್ಕೋಬಹುದಾ ಅಂದ್ರೆ ಅದೂ ಕಷ್ಟ. ಡಬ್ಬದ ಮೇಲೆ 50 ಮೀಟರ್ ಅಂತ ಬರೆದಿರೋದು ಲ್ಯಾಬಲ್ಲಿ ನಿಂತ ನೀರಿನ ಒತ್ತಡದ ಲೆಕ್ಕ, ಸೋಪು, ಬಿಸಿನೀರು, ಆವಿ ಇವೆಲ್ಲ ಒಳಗಿನ ರಬ್ಬರ್ ಸೀಲನ್ನ ಮೆಲ್ಲಗೆ ಹಾಳು ಮಾಡತ್ತೆ. ನನ್ನ ಹಿಂದಿನ ವಾಚ್ ಸ್ಕ್ರೀನೊಳಗೆ ಮಂಜು ಕಟ್ಕೊಂಡು ಹೋಯ್ತು, ಸರ್ವಿಸ್ ಸೆಂಟರಲ್ಲಿ ನೀರಿಂದ ಆಗಿದ್ದಕ್ಕೆ ವಾರಂಟಿ ಇಲ್ಲ ಅಂದ್ಬಿಟ್ರು. ಬೆಲ್ಟ್ ಕೆಳಗೆ ಬೆವರು ಸೋಪು ನಿಂತ್ರೆ ಚರ್ಮ ಕೆಂಪಾಗತ್ತೆ, ದಿನಕ್ಕೊಂದು ಸಲ ಬಿಚ್ಚಿ ಒರೆಸಿ ಕೈನ ಗಾಳಿಗೆ ಬಿಡಿ, ನಾನು ಆ ಹೊತ್ತಲ್ಲೇ ಚಾರ್ಜಿಗೆ ಹಾಕ್ತೀನಿ. ಬ್ಯಾಟರಿ, ಕಂಪನಿ ಹೇಳಿದಷ್ಟು ದಿನ ಬರ್ಬೇಕಂದ್ರೆ ಸದಾ ಉರಿಯೋ ಸ್ಕ್ರೀನ್, ಜಿಪಿಎಸ್, ರಾತ್ರಿ ಆಕ್ಸಿಜನ್ ನೋಡೋದು ಮೂರೂ ಆಫ್ ಇರ್ಬೇಕು. ಚಾರ್ಜರಂತೂ ಪ್ರತಿ ಕಂಪನಿದೂ ಬೇರೆ ಬೇರೆ, ಒಂದು ಕಳೆದ್ರೆ ವಾಚ್ ಮೂಲೆಗೆ, ಇದನ್ನ ಫೋನಿನ ಹಾಗೆ ಒಂದೇ ಥರ ಮಾಡೋಕೆ ಇನ್ನೂ ಯಾಕೆ ಆಗಿಲ್ಲ ಅನ್ನೋದು ನನಗೆ ನಿಜವಾದ ಸಿಟ್ಟು.

ಡೇಟಾ ಬಗ್ಗೆ. ಈ ವಾಚುಗಳ ಅರ್ಧ ಜೀವ ಕಂಪನಿ ಸರ್ವರಲ್ಲಿ ಇರತ್ತೆ. ಪೆಬಲ್ ಅಂತ ಒಂದು ವಾಚು, 2012ರಲ್ಲಿ ಜನರಿಂದಲೇ ಒಂದು ಕೋಟಿ ಡಾಲರಿಗೂ ಜಾಸ್ತಿ ಎತ್ತಿ ಶುರುವಾಗಿದ್ದು, 2016ರ ಕೊನೆಗೆ ಕಂಪನಿ ಮುಚ್ಚಿ ಫಿಟ್‌ನೆಸ್ ಬ್ಯಾಂಡ್ ಮಾಡ್ತಿದ್ದ ಫಿಟ್‌ಬಿಟ್ ಪಾಲಾಯ್ತು, 2018ರಲ್ಲಿ ಸರ್ವರ್‌ಗಳೂ ನಿಂತ್ವು. ಬಳಸ್ತಿದ್ದ ಜನರೇ ರೆಬಲ್ ಅಂತ ಸೇರಿ ತಮ್ಮದೇ ಸರ್ವಿಸ್ ನಡೆಸಿ ಆ ವಾಚುಗಳನ್ನ ಉಳಿಸ್ಕೊಂಡ್ರು, ನನಗೆ ಈ ಇಡೀ ಕ್ಷೇತ್ರದಲ್ಲಿ ತುಂಬಾ ಇಷ್ಟವಾದ ಸಂಗತಿ ಇದು. ಲೊಕೇಶನ್ ಹಂಚೋದ್ರ ಬಗ್ಗೆನೂ ಹುಷಾರು, ಓಟ, ಸೈಕಲ್ ಸವಾರಿ ದಾಖಲಿಸೋ ಸ್ಟ್ರಾವಾ ಆಪ್ 2017ರಲ್ಲಿ ಹೆಸರಿಲ್ಲದ ಓಟಗಳ ಮ್ಯಾಪ್ ಹಾಕಿದಾಗ ಸೈನಿಕರ ಜಾಗಿಂಗಿಂದ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಮೂಡಿದ್ದು 2018ರ ಜನವರಿಯಲ್ಲಿ ಬಯಲಾಯ್ತು. ನಿಮ್ಮ ಬೆಳಗಿನ ವಾಕಿಂಗ್ ಶುರುವಾಗೋದು ಮುಗಿಯೋದು ಮನೆ ಬಾಗಿಲಲ್ಲೇ, ಅದನ್ನ ಪಬ್ಲಿಕ್ ಇಡ್ಬೇಡಿ.

ರಿಂಗ್ ಹೇಗೆ ಅಂತ ಕೇಳೋರಿಗೆ ಎರಡು ಮಾತು. ಬೆರಳಲ್ಲಿ ನಾಡಿ ಚೆನ್ನಾಗಿ ಸಿಗತ್ತೆ, ಮಲಗೋಕೆ ಹಗುರ, ಬರೀ ನಿದ್ದೆ ನೋಡೋರಿಗೆ ವಾಚಿಗಿಂತ ವಾಸಿ. ಆದ್ರೆ ಬೆರಳು ಊದಿದ್ರೆ ಕಷ್ಟ, ಬ್ಯಾಟರಿ ಬದಲಾಯಿಸೋಕೆ ಆಗಲ್ಲ, ಬಹುತೇಕ ರಿಂಗುಗಳಲ್ಲಿ ನಾನು ಹೊಗಳಿದ ಆ ವೈಬ್ರೇಶನ್ನೇ ಇಲ್ಲ. ಕನ್ನಡಕದ ಕ್ಯಾಮೆರಾ ಬಗ್ಗೆ ನನಗೆ ಸಮಾಧಾನ ಇಲ್ಲ, ಗೂಗಲ್ ಗ್ಲಾಸ್ 2013ರಲ್ಲಿ ಬಂದಾಗ ಎದುರಿಗಿರೋರು ಕೇಳಿದ ಪ್ರಶ್ನೆ, ನನ್ನನ್ನ ರೆಕಾರ್ಡ್ ಮಾಡ್ತಿದೀಯಾ ಅನ್ನೋದು, ಇವತ್ತಿಗೂ ಹಂಗೇ ಇದೆ.

ವಾಚ್ ತಗೊಂಡ್ರೆ ವಾಪಸ್ ಕೊಡೋ ಅವಧಿ ಮುಗಿಯೋದ್ರೊಳಗೆ ಇಷ್ಟು ಮಾಡಿ. ಐದು ನಿಮಿಷ ಸುಮ್ನೆ ಕೂತು ಬೆರಳಲ್ಲಿ 30 ಸೆಕೆಂಡ್ ನಾಡಿ ಎಣಿಸಿ ಎರಡರಿಂದ ಗುಣಿಸಿ ವಾಚ್ ಜೊತೆ ಹೋಲಿಸಿ, ಬೆಲ್ಟ್ ಮಣಿಕಟ್ಟಿನ ಮೂಳೆಗಿಂತ ಒಂದು ಬೆರಳು ಮೇಲೆ ಇರ್ಲಿ. ಬಾಯಲ್ಲಿ ಎಣಿಸ್ಕೊಂಡು 200 ಹೆಜ್ಜೆ ನಡೆದು ನೋಡಿ, 190 ಅಥವಾ 210 ಬಂದ್ರೆ ಪರ್ವಾಗಿಲ್ಲ. ವಾಚನ್ನ ಬಿಚ್ಚಿ ಸುತ್ತಿಟ್ಟ ಟವೆಲ್ಲಿಗೆ ಕಟ್ಟಿ, ಅದಕ್ಕೂ ನಾಡಿ ತೋರಿಸಿದ್ರೆ ಹುಷಾರಾಗಿ, ಒಳ್ಳೇ ವಾಚುಗಳೇ ಕೆಲವು ಸಲ ವಾಪಸ್ ಬರೋ ಬೆಳಕಿಂದ ಏಮಾರ್ತವೆ, ಆದ್ರೆ ಅದೇ ಟವೆಲ್ಲಿಗೆ ಬಿಪಿ ಶುಗರ್ ಎಲ್ಲಾ ತೋರಿಸಿದ್ರೆ ಅವತ್ತೇ ವಾಪಸ್ ಕೊಡಿ. ಎರಡು ರಾತ್ರಿ ಕಟ್ಕೊಂಡು ಮಲಗಿ ಚುಚ್ಚತ್ತಾ ನೋಡಿ. ವೈಬ್ರೇಶನ್ ನಿಮಗೆ ಗೊತ್ತಾಗೋಷ್ಟು ಜೋರಿದ್ಯಾ, ಕಿವಿ ಮಂದ ಇರೋರಿಗೆ ಕೊಡೋದಾದ್ರೆ ಅವರ ಕೈಗೇ ಕಟ್ಟಿ ನೋಡಿ. ಆಮೇಲೆ ವಾಚಿನ ಆಪ್‌ನಲ್ಲಿ ಡೇಟಾ ಎಕ್ಸ್‌ಪೋರ್ಟ್ ಅಂತ ಹುಡುಕಿ, ನಿಮ್ಮ ನಂಬರ್‌ಗಳನ್ನ ಫೈಲಾಗಿ ತೆಗೆಯೋಕೆ ಬಿಡದ ಆಪಾದ್ರೆ ನಾನಂತೂ ಆ ವಾಚ್ ಇಟ್ಕೊಳ್ಳಲ್ಲ.